ಜಠರಪಟ್ಟಿಯೂ ದಾಂಪತ್ಯವೂ

ಬೊಜ್ಜು ಪಟ್ಟಣದ ಸಿರಿವಂತರ ಕಾಯಿಲೆ, ಮೈಬಗ್ಗಿಸಿ ದುಡಿಯುವ ರೈತಾಪಿ ಜನರ ಬಳಿ ಅದು ಸುಳಿಯದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಲವಾಗಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ನಂಬಿಕೆಯನ್ನು ಸುಳ್ಳಾಗಿಸಿತು. ಕರ್ನಾಟಕದಲ್ಲಿ ಹೆಂಗಸರಾಗಲಿ ಗಂಡಸರಾಗಲಿ, ಹತ್ತು ಜನರಲ್ಲಿ ಸುಮಾರು ಮೂವರ ತೂಕ ಇರತಕ್ಕದ್ದಕ್ಕಿಂತ ಹೆಚ್ಚಾಗಿದೆ ಎಂದು ಅದು ತೋರಿಸಿಕೊಟ್ಟಿತು. ಉಳುಮೆಯನ್ನು ಟ್ರ್ಯಾಕ್ಟರ್ ವಹಿಸಿಕೊಂಡಿದೆ, ನಡೆಯುವ ದಾರಿಯನ್ನು ಮೋಟಾರು ಸೈಕಲ್ಲು ವಹಿಸಿಕೊಂಡಿದೆ. ತಟ್ಟೆಯಲ್ಲಿನ ಮುದ್ದೆಯ ಗಾತ್ರ ಮಾತ್ರ ತಾತನ ಕಾಲದ್ದೇ ಆಗಿ ಉಳಿದಿದೆ.

ತೂಕ ಮಿತಿಮೀರಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು, ಮಕ್ಕಳಾಗದಿರುವುದು ಮೊದಲಾದ ತೊಂದರೆಗಳಿಂದ ಬಳಲಿದವರಲ್ಲಿ ಕೆಲವರು ಮೈಸೂರಿಗೋ ಬೆಂಗಳೂರಿಗೋ ಹೋಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಪಟ್ಟಣದಲ್ಲಿ ನೆಲೆಸಿದ್ದಾಗ ಹತ್ತು ಹದಿನೈದು ವರ್ಷಗಳ ಹಿಂದೆ ಜಠರಕ್ಕೆ ಪಟ್ಟಿ ಹಾಕಿಸಿಕೊಂಡು, ಈಗ ಊರಿಗೆ ಮರಳಿ ಬೇಸಾಯ ಹಿಡಿದವರೂ ಉಂಟು. ಬೆಟ್ಟದಪುರದ ಆಸುಪಾಸಿನಲ್ಲಿ ಇಂಥವರ ಸಂಖ್ಯೆ ದೊಡ್ಡದಲ್ಲ. ದೊಡ್ಡದಲ್ಲದಿರುವುದೇ ಇವರ ಕಷ್ಟ. ಸಕ್ಕರೆ ಕಾಯಿಲೆಯವರಿಗೆ ಪ್ರತಿ ಬೀದಿಯಲ್ಲೂ ಸಮದುಃಖಿಗಳು ಸಿಗುತ್ತಾರೆ, ಜಠರಪಟ್ಟಿಯವರಿಗೆ ಸಿಗುವುದಿಲ್ಲ. ಆಪರೇಷನ್ ಮಾಡಿದ ವೈದ್ಯರು ದೂರದಲ್ಲಿರುತ್ತಾರೆ. ಹತ್ತಿರ ಇರುವವರು ಗಂಡ ಅಥವಾ ಹೆಂಡತಿ ಮಾತ್ರ. ಶಸ್ತ್ರಚಿಕಿತ್ಸೆ ಆಗುವುದು ಒಬ್ಬರ ಹೊಟ್ಟೆಗೆ. ಅದರ ಪಥ್ಯ ನಡೆಯಬೇಕಾದುದು ಇಬ್ಬರೂ ಉಣ್ಣುವ ಅಡುಗೆಮನೆಯಲ್ಲಿ. ಆದಕಾರಣ ಈ ಪಾಠವನ್ನು ದಂಪತಿಗಳಿಬ್ಬರೂ ಕೂಡಿ ಓದಬೇಕೆಂದು ಕೋರಿಕೆ. ಓದು ಬಾರದವರಿಗೆ ಓದು ಬಂದವರು ಓದಿ ಹೇಳಿರಿ.

ಪಟ್ಟಿ ಎಂದರೇನು?

ರಾಗಿಮೂಟೆಯ ಬಾಯಿಗಿಂತ ನಾಲ್ಕು ಬೆರಳು ಕೆಳಗೆ ಹಗ್ಗ ಬಿಗಿದರೆ, ಹಗ್ಗದ ಮೇಲೆ ಸಣ್ಣ ಚೀಲ, ಕೆಳಗೆ ದೊಡ್ಡ ಚೀಲ ಆಗುವುದಷ್ಟೆ. ಜಠರಪಟ್ಟಿಯ ಕೆಲಸ ಇದೇ. ಸಿಲಿಕೋನ್ ಎಂಬ ಮೆದುವಾದ ವಸ್ತುವಿನ ಬಳೆಯೊಂದನ್ನು ಜಠರದ ಮೇಲ್ಭಾಗಕ್ಕೆ ತೊಡಿಸುತ್ತಾರೆ. ಬಳೆಯ ಮೇಲೆ ಉಳಿಯುವ ಸಣ್ಣ ಚೀಲದಲ್ಲಿ ಒಂದೆರಡು ದೊಡ್ಡ ಚಮಚದಷ್ಟು ಮಾತ್ರ ಅನ್ನ ಹಿಡಿಸುತ್ತದೆ. ಅದು ತುಂಬಿದೊಡನೆ ಹೊಟ್ಟೆ ತುಂಬಿತೆಂಬ ಭಾವನೆ ಬರುತ್ತದೆ. ಆಹಾರ ಕಿರಿದಾದ ಹಾದಿಯಲ್ಲಿ ನಿಧಾನವಾಗಿ ಕೆಳಗಿಳಿಯುತ್ತದೆ. ಬಳೆಯ ಒಳಮೈ ಟ್ಯೂಬಿನಂತೆ ಪೊಳ್ಳಾಗಿದ್ದು, ಅದಕ್ಕೆ ಸಣ್ಣ ಕೊಳವೆಯೊಂದು ಸೇರಿರುತ್ತದೆ. ಕೊಳವೆಯ ಇನ್ನೊಂದು ತುದಿ ಹೊಟ್ಟೆಯ ಚರ್ಮದ ಅಡಿಯಲ್ಲಿರುವ ಗುಂಡಿಯಂಥ ಚಿಕ್ಕ ಡಬ್ಬಿಗೆ ಕೂಡಿರುತ್ತದೆ. ಇದನ್ನು ಪೋರ್ಟ್ ಎನ್ನುತ್ತಾರೆ. ತಜ್ಞವೈದ್ಯರು ಇದರ ಮೂಲಕ ಲವಣಜಲವನ್ನು ತುಂಬಿ ಪಟ್ಟಿಯನ್ನು ಬಿಗಿಮಾಡುತ್ತಾರೆ. ಅಗತ್ಯ ಬಿದ್ದರೆ ಹೀರಿ ತೆಗೆದು ಸಡಿಲಿಸುತ್ತಾರೆ.

ಬೇಕಾದಂತೆ ಬಿಗಿಸಿ ಸಡಿಲಿಸಬಹುದಾದ ಇಂಥ ಪಟ್ಟಿಯನ್ನು 1986ರಲ್ಲಿ ಅಮೆರಿಕದ ಶಸ್ತ್ರವೈದ್ಯ ಲ್ಯೂಬೊಮಿರ್ ಕುಜ್ಮಾಕ್ ಬಳಕೆಗೆ ತಂದರು. ಹೊಟ್ಟೆಯನ್ನು ಉದ್ದಕ್ಕೂ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ತೊಡಿಸುವ ವಿಧಾನ 1993ರಲ್ಲಿ ಬೆಲ್ಜಿಯಂ ದೇಶದಲ್ಲಿ ಆರಂಭವಾಯಿತು. ಒಂದು ಕಾಲಕ್ಕೆ ಇದು ಬಹಳ ಪ್ರಚಾರದಲ್ಲಿತ್ತು. ಈಗ ಪಟ್ಟಿ ಹಾಕುವವರು ಕಡಮೆ. ಜಠರದ ಬಹುಭಾಗವನ್ನು ತೆಗೆದು ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದುಗೊಳಿಸುವ ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯೂ, ಕರುಳಿನ ಹಾದಿಯನ್ನೇ ಬದಲಿಸುವ ಬೈಪಾಸ್ ಎಂಬುದೂ ಹೆಚ್ಚು ನಡೆಯುತ್ತವೆ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಸವೆಸಿ ಒಳಹೊಗುವುದು, ಕೊಳವೆ ಸೋರುವುದು ಮುಂತಾದ ತೊಡಕುಗಳಿಂದ ವರ್ಷಗಳು ಕಳೆದ ಮೇಲೆ ಅನೇಕರಿಗೆ ಅದನ್ನು ತೆಗೆಸಬೇಕಾಗಿ ಬಂದುದೇ ಇದಕ್ಕೆ ಕಾರಣ. ಪಟ್ಟಿ ಇರುವವರು ಇದನ್ನು ಓದಿ ಗಾಬರಿಪಡಬೇಕಾಗಿಲ್ಲ. ಆದರೆ "ಹಾಕಿಸಿ ಹನ್ನೆರಡು ವರ್ಷವಾಯಿತು, ಏನೂ ಆಗಿಲ್ಲ, ಇನ್ನೇಕೆ ತೋರಿಸಬೇಕು?" ಎನ್ನುವ ಮಾತು ಸರಿಯಲ್ಲ. ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸತಕ್ಕದ್ದು.

ಚರ್ಮದ ಅಡಿಯ ಡಬ್ಬಿ ಕೈಗೆ ಗಡ್ಡೆಯಂತೆ ತಗಲುತ್ತದೆ. ಅದನ್ನು ಎಣ್ಣೆ ಹಚ್ಚಿ ನೀವಿಸಬೇಡಿ, ಕಾಸಿಸಬೇಡಿ. ಅದಕ್ಕೆ ಸಾಧಾರಣ ಸೂಜಿ ಚುಚ್ಚಿದರೆ ಅದು ಹಾಳಾಗುತ್ತದೆ. ಅದಕ್ಕೆಂದೇ ಬೇರೆ ಸೂಜಿ ಇದೆ. ಡಬ್ಬಿಯ ಮೇಲಿನ ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಅದನ್ನು ಮಾಮೂಲಿ ಕುರು ಎಂದು ತಿಳಿಯದೆ ಕೂಡಲೇ ವೈದ್ಯರಿಗೆ ತೋರಿಸಿರಿ.

ಇದನ್ನು ಕೊಬ್ಬು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯೊಡನೆ ಬೆರೆಸಬಾರದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅದು ಅಂದಕ್ಕಾಗಿ ಮಾಡಿಸಿಕೊಳ್ಳುವುದು, ಇದು ಕಾಯಿಲೆಗಾಗಿ. ಎಲ್ಲ ದಪ್ಪನೆಯವರಿಗೂ ಇದು ಬೇಕಿಲ್ಲ. ನಮ್ಮ ದೇಶದವರಿಗೆ ವೈದ್ಯರು ಬಹುಕಾಲ ಅನುಸರಿಸಿದ ಅಳತೆಯಂತೆ, ಐದು ಅಡಿ ಎತ್ತರದ ಹೆಂಗಸಿನ ತೂಕ ಸುಮಾರು 87 ಕಿಲೋ ದಾಟಿದ್ದರೆ, ಸಕ್ಕರೆ ಕಾಯಿಲೆಯಂಥವು ಜೊತೆಗಿದ್ದಲ್ಲಿ 75 ಕಿಲೋ ದಾಟಿದ್ದರೆ ಮಾತ್ರ ಇದರ ವಿಚಾರ ಮಾಡುತ್ತಿದ್ದರು. ಈ ಅಳತೆಯನ್ನು ಇನ್ನಷ್ಟು ಇಳಿಸಬಹುದೆಂದು 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಸಲಹೆ ಮಾಡಿವೆ. ಅಳತೆ ಏನೇ ಇರಲಿ, ಮದುವೆ ಗೊತ್ತಾಗಲೆಂದು ಮಗಳಿಗೆ ಆಪರೇಷನ್ ಮಾಡಿಸಲು ಹೊರಡುವುದು ತರವಲ್ಲ.

ಮುದ್ದೆಯ ಪ್ರಶ್ನೆ

ಆಸ್ಪತ್ರೆಯಲ್ಲಿ ಕೊಡುವ ಪಥ್ಯದ ಚೀಟಿಯಲ್ಲಿ "ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಬಾರಿ ಅಗಿಯಿರಿ" ಎಂದು ಬರೆದಿರುತ್ತದೆ. ಆದರೆ ನಾವು ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಅಗಿಯುವವರನ್ನು ಕಂಡರೆ ಪರಸ್ಥಳದವರೆಂದು ಗುರುತಿಸಿ ನಗುತ್ತೇವೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಮುದ್ದೆ ನುಂಗುವುದು ಉಸಿರಾಡುವಷ್ಟೇ ಸಹಜ. ಪಟ್ಟಿ ಇರುವವನು ನಿಂಬೆಗಾತ್ರದ ತುತ್ತನ್ನು ಹಾಗೆ ನುಂಗಿದರೆ, ಅದು ಪಟ್ಟಿಯ ಕೊರಳಲ್ಲಿ ಬಿರಡೆಯಂತೆ ಕೂರುತ್ತದೆ. ಎದೆ ಹಿಂಡಿದಂತಾಗಿ, ಬಾಯಲ್ಲಿ ನೀರೂರಿ, ನೊರೆನೊರೆಯಾಗಿ ವಾಂತಿಯಾಗುತ್ತದೆ.

ಹಾಗೆಂದು ರಾಗಿಯನ್ನೇ ಬಿಡಬೇಕೆಂದಲ್ಲ. ಬಿಡಿ ಎಂದು ಹೇಳುವುದು ಸುಲಭ. ಅದನ್ನೇ ಉಂಡು ಬೆಳೆದವರು ಅದನ್ನು ನಾಲ್ಕು ದಿನ ಪಾಲಿಸಿ ಐದನೆಯ ದಿನ ಕೈಬಿಡುತ್ತಾರೆ. ಮುದ್ದೆಯನ್ನು ತುಸು ಸಡಿಲವಾಗಿ ಕಟ್ಟಿ, ಕಡಲೆಕಾಳಿನಷ್ಟು ಮುರಿದು, ಸಾರಿನೊಡನೆ ನಾದಿ, ಬಾಯಲ್ಲಿ ಕರಗಿಸಿ ಇಳಿಸಬಹುದು. ತೆಳ್ಳಗೆ ತಟ್ಟಿ ಗರಿಗರಿಯಾಗಿ ಬೇಯಿಸಿದ ರಾಗಿರೊಟ್ಟಿಯನ್ನು ಚೆನ್ನಾಗಿ ಅಗಿದು ತಿನ್ನಬಹುದು. ಆಪರೇಷನ್ ಆದ ಮೊದಲ ಎರಡು ವಾರ ನೀರಾದ ಆಹಾರ, ಮುಂದಿನ ಎರಡು ವಾರ ಮಸೆದ ಆಹಾರ, ಆಮೇಲೆ ಮೆತ್ತನೆಯದು, ಸುಮಾರು ಆರನೆಯ ವಾರದಿಂದ ಗಟ್ಟಿ ಆಹಾರ ಎಂಬುದು ಸಾಮಾನ್ಯ ಕ್ರಮ. ಈ ಮೊದಲ ವಾರಗಳಲ್ಲಿ ಮಜ್ಜಿಗೆ ಬೆರೆಸಿ ಸೋಸಿದ ರಾಗಿ ಅಂಬಲಿಗಿಂತ ಹಿತವಾದುದು ನನಗೆ ತಿಳಿದಿಲ್ಲ. ಡಬ್ಬಿಯಲ್ಲಿ ಮಾರುವ ದುಬಾರಿ ಪುಡಿಗಳಿಗೆ ಹಣ ಸುರಿಯುವ ಮುನ್ನ ಮನೆಯ ಕಣಜದತ್ತ ನೋಡಿರಿ.

ಆದರೆ ರಾಗಿಯಲ್ಲಿ ಮಾಂಸಜನಕ ಕಡಮೆ. ತಿನ್ನುವ ಜಾಗವೇ ಕಿರಿದಾದಾಗ ಮೊದಲ ತುತ್ತು ಮಾಂಸಜನಕದ್ದಾಗಬೇಕು. ದಿನಕ್ಕೆ ಸುಮಾರು 60 ಗ್ರಾಂ ಅಗತ್ಯ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ನೂರು ಗ್ರಾಂ ಹುರುಳಿಕಾಳಿನಲ್ಲಿ ಇಪ್ಪತ್ತು ಗ್ರಾಮಿಗೂ ಮೇಲಿದೆ. ಹುರುಳಿಯ ಬಸ್ಸಾರು ಮಾಡಿದಾಗ ಕಟ್ಟನ್ನು ಮಾತ್ರ ಕುಡಿದರೆ ಸಾಲದು. ಬೆಂದ ಕಾಳನ್ನು ನುಣ್ಣಗೆ ಅರೆದು ಸೇವಿಸಬೇಕು. ಹಿಚಿಕಿದ ಅವರೆಬೇಳೆ, ತೊಗರಿ, ಹೆಸರು, ಮೊಸರು, ಮುಳ್ಳು ಬಿಡಿಸಿದ ಮೀನು ಇವೆಲ್ಲ ಒಳ್ಳೆಯವು. ಬಲಿತ ಕುರಿಮಾಂಸ, ನುಗ್ಗೆಯ ನಾರು, ಹಲಸಿನ ತೊಳೆ, ಕಿತ್ತಳೆಯ ಸಿಪ್ಪೆ, ಕೊಬ್ಬರಿ ಚೂರು ಇವು ಸಿಕ್ಕಿಹಾಕಿಕೊಳ್ಳುವ ಪದಾರ್ಥಗಳು. ಉಣ್ಣುವಾಗ ನೀರು ಕುಡಿಯಬಾರದು; ಉಂಡು ಅರ್ಧಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು.

ಇನ್ನೊಂದು ಸಂಗತಿ. ಪಟ್ಟಿ ಮುದ್ದೆಯನ್ನು ತಡೆಯುತ್ತದೆ, ಪಾಯಸವನ್ನು ತಡೆಯದು. ಸಕ್ಕರೆ ಹಾಕಿದ ಕಾಫಿ, ಟೀ, ಬಾಟಲಿಯ ತಂಪು ಪಾನೀಯ, ಮದ್ಯ ಇವೆಲ್ಲ ಕಿರಿದಾದ ಹಾದಿಯಲ್ಲೂ ಸರಾಗವಾಗಿ ಇಳಿಯುತ್ತವೆ. ಗಟ್ಟಿ ಆಹಾರ ಇಳಿಯದೆಂದು ದಿನವಿಡೀ ಸಿಹಿ ಟೀ ಕುಡಿದವರ ತೂಕ ಇಳಿಯುವುದಿಲ್ಲ. ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಬ್ಯಾರನ್ ಉರಿಸುವ ತಿಂಗಳುಗಳಲ್ಲಿ ಈ ಅಪಾಯ ಹೆಚ್ಚು. ರಾತ್ರಿಯೆಲ್ಲ ಎಚ್ಚರ, ಊಟಕ್ಕೆ ಹೊತ್ತುಗೊತ್ತಿಲ್ಲ, ಗಂಟೆಗೊಂದು ಟೀ, ಅದರ ಜೊತೆ ಬೀಡಿ. ಬೀಡಿಯ ಹೊಗೆ ಜಠರದ ಹುಣ್ಣನ್ನು ಕರೆತರುತ್ತದೆ. ಬ್ಯಾರನ್ನಿನ ಬಳಿಗೆ ಹೋಗುವವರಿಗೆ ಸಣ್ಣ ಡಬ್ಬಿಯಲ್ಲಿ ಅರೆದ ಕಾಳೋ ಮೊಸರೋ ಕಟ್ಟಿಕೊಡುವುದು, ಕಟ್ಟಿಕೊಟ್ಟುದನ್ನು ಅವರು ಹೊತ್ತಿಗೆ ಸರಿಯಾಗಿ ತಿನ್ನುವುದು ನೂರು ಉಪದೇಶಗಳಿಗಿಂತ ಮೇಲು.

ವಾಂತಿಯನ್ನು ಕಡೆಗಣಿಸಬೇಡಿ

ಒಮ್ಮೆ ಅವಸರದಲ್ಲಿ ತಿಂದು ವಾಂತಿಯಾದರೆ ಅದು ಪಾಠ ಕಲಿಸಿತೆಂದು ಬಿಡಬಹುದು. ಒಂದು ದಿನ ಕಳೆದರೂ ವಾಂತಿ ನಿಲ್ಲದಿದ್ದರೆ, ಮಲಗಿದಾಗ ಹುಳಿನೀರು ಗಂಟಲಿಗೆ ಬಂದು ರಾತ್ರಿ ಕೆಮ್ಮು ಬರುತ್ತಿದ್ದರೆ, ಪಟ್ಟಿ ಬಿಗಿಯಾಗಿದೆ ಅಥವಾ ಜಾರಿದೆ ಎಂದು ಶಂಕಿಸಬೇಕು. ಉಗುಳನ್ನೂ ನುಂಗಲಾಗದಿದ್ದರೆ, ಹೊಟ್ಟೆಯಲ್ಲಿ ತಡೆಯಲಾರದ ನೋವಿದ್ದರೆ, ರಕ್ತವಾಂತಿಯಾದರೆ ಅಥವಾ ಮಲ ಕಪ್ಪಗಿದ್ದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ನಮ್ಮ ಜನರಿಗೆ ಸುಸ್ತಾದೊಡನೆ ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸವಿದೆ. ದಿನಗಟ್ಟಲೆ ವಾಂತಿ ಮಾಡಿಕೊಂಡವರ ಮೈಯಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಇದರ ದಾಸ್ತಾನು ಎರಡು ಮೂರು ವಾರಗಳಿಗಿಂತ ಹೆಚ್ಚು ಉಳಿಯದು. ಆ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಹಿಂದುಮುಂದಾಗುವುದು ಇದರ ಲಕ್ಷಣಗಳು. ಕುಡಿದು ಬಂದಿದ್ದಾನೆ ಎಂದೋ, ಗಾಳಿ ಸೋಕಿದೆ ಎಂದೋ ಜರಿಯದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿನ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: "ಇವರಿಗೆ ತೂಕ ಇಳಿಸುವ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ." ರೋಗಿ ಈ ಮಾತು ಹೇಳುವ ಸ್ಥಿತಿಯಲ್ಲಿ ಇರಲಾರರು. ಹೇಳಬೇಕಾದವರು ಜೊತೆಗಿರುವ ಗಂಡ ಅಥವಾ ಹೆಂಡತಿ.

ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫಿನ್ಯಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳೂ ಜಠರದಲ್ಲಿ ಹುಣ್ಣು ಮಾಡುತ್ತವೆ. ಇವನ್ನು ವೈದ್ಯರನ್ನು ಕೇಳದೆ ನುಂಗಕೂಡದು. ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ12 ಮತ್ತಿತರ ಜೀವಸತ್ವಗಳನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಸೇವಿಸಿರಿ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದುಂಟು. ಆಹಾರ ಸರಿಯಾಗಿದ್ದರೆ ಮರಳಿ ಬರುತ್ತದೆ.

ಮಗು ಯಾವಾಗ?

ಮದುವೆಯಾಗಿ ಐದಾರು ವರ್ಷ ಮಕ್ಕಳಾಗದೆ, ಮುಟ್ಟು ಏರುಪೇರಾಗಿ, ಅತ್ತೆಯ ಮಾತು ನೆರೆಯವರ ಮಾತು ಕೇಳಿ ಬೇಸತ್ತು ಈ ಶಸ್ತ್ರಚಿಕಿತ್ಸೆಗೆ ಒಪ್ಪಿದ ಹೆಣ್ಣುಮಕ್ಕಳಿದ್ದಾರೆ. ತೂಕ ಇಳಿಯತೊಡಗಿದಂತೆ ಅಂಡಾಶಯ ಮತ್ತೆ ತನ್ನ ಕೆಲಸ ಆರಂಭಿಸುತ್ತದೆ. ಕೆಲವೇ ತಿಂಗಳಲ್ಲಿ ಗರ್ಭ ನಿಲ್ಲಬಹುದು. ದಂಪತಿಗಳು ಎಡವುವುದು ಇಲ್ಲಿಯೇ. "ಇಷ್ಟು ವರ್ಷ ಆಗದಿದ್ದುದು ಈಗೇನು ಆಗುತ್ತದೆ" ಎಂದು ಯಾವ ಎಚ್ಚರಿಕೆಯನ್ನೂ ವಹಿಸುವುದಿಲ್ಲ. ತಾಯಿಯ ಮೈ ದಿನದಿನಕ್ಕೂ ಕರಗುತ್ತಿರುವಾಗ, ಅವಳಿಗೇ ಸಾಲದಷ್ಟು ಆಹಾರ ಸೇರುತ್ತಿರುವಾಗ ಗರ್ಭದ ಶಿಶು ಬೆಳೆಯಲು ಬೇಕಾದುದನ್ನು ಎಲ್ಲಿಂದ ತರಬೇಕು? ಶಸ್ತ್ರಚಿಕಿತ್ಸೆಯ ನಂತರ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಕಾದು ಕಾದು ಬೇಸತ್ತವರಿಗೆ ಇದು ಕಠಿಣವಾದ ಸಲಹೆಯೆಂದು ಬಲ್ಲೆ. ಮನೆಯ ಹಿರಿಯರಿಗೆ ಇದನ್ನು ತಿಳಿಸುವ ಹೊಣೆ ಸೊಸೆಯದಲ್ಲ, ಮಗನದು.

ಈ ಅವಧಿಗೆ ಕಾಪರ್-ಟಿ ಅತ್ಯಂತ ಅನುಕೂಲವಾದುದು. ಹೊಟ್ಟೆಯ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. ನಿರೋಧ್ ಸಹ ಒಳ್ಳೆಯದು, ಪ್ರತಿಸಲವೂ ತಪ್ಪದೆ ಬಳಸಿದಲ್ಲಿ. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನುಂಗುವ ಗುಳಿಗೆಗಳನ್ನು ನೆಚ್ಚಬೇಡಿ: ವಾಂತಿಯಾದರೆ ಗುಳಿಗೆಯೂ ಹೊರಗೆ ಬರುತ್ತದೆ, ಬೈಪಾಸ್ ಆದವರಲ್ಲಿ ಅದು ಪೂರ್ತಿ ರಕ್ತಕ್ಕೆ ಸೇರದಿರಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಕೆಲವರಲ್ಲಿ ತೂಕ ಹೆಚ್ಚಿಸುವುದರಿಂದ ವೈದ್ಯರೊಡನೆ ಚರ್ಚಿಸಿಯೇ ತೀರ್ಮಾನಿಸಿರಿ. ಮಕ್ಕಳು ಸಾಕೆನ್ನುವ ದಂಪತಿಗಳಲ್ಲಿ, ಹೆಂಡತಿ ಒಮ್ಮೆ ಶಸ್ತ್ರಚಿಕಿತ್ಸೆಯ ಮೇಜನ್ನು ಏರಿ ಬಂದಿರುವಾಗ, ಹೊಲಿಗೆ ಇಲ್ಲದ ಪುರುಷ ಸಂತಾನಹರಣ ಚಿಕಿತ್ಸೆಗೆ ಗಂಡ ಮುಂದೆ ಬರುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಅದು ಕೆಲವು ನಿಮಿಷಗಳ ಕೆಲಸ, ಗಂಡಸುತನಕ್ಕೆ ಅದರಿಂದ ಕುಂದಿಲ್ಲ. ಆದರೆ ಅದು ಕೂಡಲೇ ಫಲ ಕೊಡದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಾದ ಮೇಲೆಯೇ ನಿಶ್ಚಿಂತರಾಗಬೇಕು.

ಗರ್ಭ ನಿಂತ ಮೇಲೆ ಮೊದಲ ಭೇಟಿಯಲ್ಲೇ ಆಪರೇಷನ್ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿರಿ. ಬಸಿರಿನ ವಾಂತಿ ಹೆಚ್ಚಾದರೆ ಪಟ್ಟಿಯ ನೀರನ್ನು ತೆಗೆಸಿ ಸಡಿಲಿಸಬೇಕಾಗಬಹುದು. ಸಕ್ಕರೆ ಪರೀಕ್ಷೆಗೆಂದು 75 ಗ್ರಾಂ ಗ್ಲೂಕೋಸ್ ಕುಡಿಸುವ ಪದ್ಧತಿ ಬೈಪಾಸ್ ಆದವರಿಗೆ ಒಗ್ಗದು. ತಲೆಸುತ್ತು, ಬೆವರು, ಭೇದಿ ಬರುತ್ತವೆ. ಮೊದಲೇ ತಿಳಿಸಿದರೆ ಬೇರೆ ರೀತಿಯಲ್ಲಿ ಪರೀಕ್ಷಿಸುತ್ತಾರೆ.

ಆಸರೆ ಯಾರದು?

ನಮ್ಮ ಸೀಮೆಯಲ್ಲಿ ಪ್ರೀತಿಯನ್ನು ಬಡಿಸಿ ತೋರಿಸುತ್ತಾರೆ. ಬೀಗರೂಟದಲ್ಲಿ ಕೈ ಅಡ್ಡಹಿಡಿದರೂ ಕೈ ಸರಿಸಿ ಬಡಿಸುತ್ತಾರೆ, ಬೇಡವೆಂದರೆ ಮುನಿಸಿಕೊಳ್ಳುತ್ತಾರೆ. ಪಟ್ಟಿ ಇರುವವರಿಗೆ ಇದು ನಿಜವಾದ ಸಂಕಟ. ಒಬ್ಬರೇ ಹೋದರೆ ಮಣಿಯಬೇಕಾಗುತ್ತದೆ. ಪಕ್ಕದಲ್ಲಿ ಗಂಡನೋ ಹೆಂಡತಿಯೋ ಕುಳಿತು, "ಅವರಿಗೆ ಹೊಟ್ಟೆ ಆಪರೇಷನ್ ಆಗಿದೆ, ನನಗೆ ಬಡಿಸಿ" ಎಂದರೆ ಬಡಿಸುವವರ ಕೈ ಅಲ್ಲಿಗೆ ನಿಲ್ಲುತ್ತದೆ. ಮನೆಯಲ್ಲಿಯೂ ಹಾಗೆಯೇ: ಒಬ್ಬರು ಚಿಕ್ಕ ಬಟ್ಟಲಿನಲ್ಲಿ ಅರ್ಧಗಂಟೆ ಅಗಿದು ಉಣ್ಣುತ್ತಿರುವಾಗ, ಇನ್ನೊಬ್ಬರು ಐದು ನಿಮಿಷದಲ್ಲಿ ಮುಗಿಸಿ ಕೈತೊಳೆದು ಏಳಬಾರದು.

ತೂಕ ಇಳಿದ ಮೇಲೆ ದಾಂಪತ್ಯದಲ್ಲಿ ಬೇರೆ ಬಗೆಯ ಬಿರುಕು ಕಾಣಿಸುವುದುಂಟು. ಹೆಂಡತಿ ಹೊಸ ರವಿಕೆ ಹೊಲಿಸಿದರೆ, ಸಂತೆಗೆ ತಾನೇ ಹೊರಟರೆ, ಗಂಡನಿಗೆ ಅನುಮಾನ. ಗಂಡ ಸೊರಗಿದರೆ ಊರವರು ಬೇರೆ ಕಾಯಿಲೆಯ ಹೆಸರು ಹೇಳಿ ಹೆಂಡತಿಯನ್ನು ಹೆದರಿಸುತ್ತಾರೆ. ಜೋತುಬಿದ್ದ ಚರ್ಮ ಕಂಡು ನಾಚಿ ದೂರ ಮಲಗುವವರೂ ಇದ್ದಾರೆ. ಮನಸ್ಸಿನ ನೋವಿಗೆ ಹಿಂದೆ ತಿಂಡಿಯೇ ಸಮಾಧಾನವಾಗಿದ್ದವರಿಗೆ ಈಗ ಆ ಬಾಗಿಲೂ ಮುಚ್ಚಿದೆ; ಅವರಲ್ಲಿ ಕೆಲವರು ಮದ್ಯದತ್ತ ತಿರುಗುತ್ತಾರೆ, ಕೆಲವರು ಮಂಕಾಗಿ ಮೂಲೆ ಸೇರುತ್ತಾರೆ. ಇದು ಸೋಮಾರಿತನವಲ್ಲ, ಚಿಕಿತ್ಸೆಗೆ ಬಗ್ಗುವ ಸ್ಥಿತಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಯಾವಾಗಲಾದರೂ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆಪರೇಷನ್ ಆದ ಆಸ್ಪತ್ರೆಯಲ್ಲಿ ಇಂಥ ರೋಗಿಗಳ ಸಭೆ ನಡೆಯುತ್ತದೆಯೇ ಎಂದು ವಿಚಾರಿಸಿರಿ; ನಡೆಯುತ್ತಿದ್ದರೆ ವರ್ಷಕ್ಕೆರಡು ಸಲವಾದರೂ ಇಬ್ಬರೂ ಹೋಗಿಬನ್ನಿ. ಅದೇ ಆಪರೇಷನ್ ಆದ ಇನ್ನೊಬ್ಬರ ದೂರವಾಣಿ ಸಂಖ್ಯೆ ನಿಮ್ಮ ಬಳಿ ಇದ್ದರೆ ಅರ್ಧ ಭಯ ಹೋಗುತ್ತದೆ. ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿದಿರಲಿ. ಮುಚ್ಚಿಡುವುದರಿಂದ ಮರ್ಯಾದೆ ಉಳಿಯುವುದಿಲ್ಲ, ತುರ್ತು ಸಮಯದಲ್ಲಿ ಸಹಾಯ ತಪ್ಪುತ್ತದೆ. ತೂಕವನ್ನು ದಿನಕ್ಕೆರಡು ಸಲ ನೋಡಿ ಕೊರಗದೆ, ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ತಕ್ಕಡಿಯಲ್ಲಿ ನೋಡಿದರೆ ಸಾಕು. ಪಟ್ಟಿಯವರಲ್ಲಿ ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಅದು ಒಳ್ಳೆಯ ಗತಿ. ಮೊದಲ ಆರು ವಾರ ನೀರಿನ ಕೊಡ, ರಾಗಿಮೂಟೆ ಎತ್ತಬಾರದು. ಡೈರಿಗೆ ಹಾಲು ಹಾಕಲು ನಡೆದು ಹೋಗಬಹುದು. ಸಿಡಿಲು ಮಲ್ಲಿಕಾರ್ಜುನಸ್ವಾಮಿಗೆ ಹರಕೆ ಹೊತ್ತವರು ಬೆಟ್ಟದ ಮೆಟ್ಟಿಲುಗಳನ್ನು ವೈದ್ಯರು ಒಪ್ಪಿದ ಮೇಲೆ ಹತ್ತಿರಿ, ಸ್ವಾಮಿ ಕಾಯುತ್ತಾನೆ.

ಕೊನೆಯದಾಗಿ ಕಾಗದಪತ್ರಗಳ ವಿಚಾರ. ಆಪರೇಷನ್ ಆದ ದಿನಾಂಕ, ಯಾವ ಬಗೆಯ ಆಪರೇಷನ್, ಪಟ್ಟಿಯ ತಯಾರಕರ ಹೆಸರು, ಎಷ್ಟು ಮಿಲಿಲೀಟರ್ ನೀರು ತುಂಬಿದೆ, ಕೊನೆಯ ಬಾರಿ ಯಾವಾಗ ಬಿಗಿಸಿದರು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ, ಎರಡು ಪ್ರತಿ ಮಾಡಿಸಿ, ಒಂದನ್ನು ಪಡಿತರ ಚೀಟಿಯ ಜೊತೆ ಇಡಿ; ಇನ್ನೊಂದು ಸದಾ ರೋಗಿಯ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ಆಸ್ಪತ್ರೆ ಮುಚ್ಚಿಹೋಗಿದ್ದರೆ ಅಥವಾ ವೈದ್ಯರು ಬೇರೆಡೆಗೆ ಹೋಗಿದ್ದರೆ, ಹಳೆಯ ಕಾಗದಗಳೇನಿವೆಯೋ ಅವನ್ನೆಲ್ಲ ತೆಗೆದುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಬನ್ನಿರಿ. ಅಲ್ಲಿಂದ ಮೈಸೂರಿನ ತಜ್ಞರಿಗೆ ಚೀಟಿ ಬರೆದುಕೊಡುತ್ತಾರೆ.